ಅಟ್ಟದಿಂದಿಳಿದ ವಿಮಾನ

ಊಟದ ಟೇಬಲ್ಲಿನ ಮೇಲೆ ಯುದ್ಧವಿಮಾನ ಕಟ್ಟಲು ಕೂತ ಗಂಡಸನ್ನು ಮನೆಯವರು ಕೇಳುವುದು ಎರಡೇ ಪ್ರಶ್ನೆ. ರಾತ್ರಿ ಊಟಕ್ಕೆ ಮೊದಲು ಇದನ್ನೆಲ್ಲ ಎತ್ತುತ್ತೀರಾ? ಎತ್ತಿ ಎಲ್ಲಿಡುತ್ತೀರಿ? ಮೈಯೆಲ್ಲ ಬಾಲ್ಸಾ ಮರದ ಪುಡಿ ಮೆತ್ತಿಕೊಂಡು, ಎರಡು ಬೆರಳನ್ನು ಫೆವಿಕ್ವಿಕ್‌ನಲ್ಲಿ ಒಂದು ಮಾಡಿಕೊಂಡು, ಹಣೆಯ ಮೇಲಿರುವ ಕನ್ನಡಕವನ್ನೇ ಮನೆಯೆಲ್ಲ ಹುಡುಕುವ ಮನುಷ್ಯನನ್ನು ಕಂಡವರಿಗೆ ಹಾರಾಟದ ಯೋಚನೆ ಬರುವುದಾದರೂ ಹೇಗೆ?

ನಾನು ಕಟ್ಟಲು ಕೂತ ಮಾದರಿ ವಿಮಾನದ ಕಿಟ್ಟು ನಮ್ಮ ದೊಡ್ಡಪ್ಪನದು. ಅವರು ತೀರಿಕೊಂಡ ಮೇಲೆ ತಿಪ್ಪಸಂದ್ರದ ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ತೀರ್ಮಾನವಾಗಿ, ದೊಡ್ಡಮ್ಮ ಅಟ್ಟ ಖಾಲಿ ಮಾಡಿಸುತ್ತಿದ್ದರು. ಹಿತ್ತಾಳೆ ಹಂಡೆ ಒಬ್ಬರಿಗೆ, ತೊಟ್ಟಿಲು ಇನ್ನೊಬ್ಬರಿಗೆ ಎಂದು ಹಂಚಿಕೆಯಾಗಿ, ಯಾರಿಗೂ ಬೇಡದ ಉದ್ದನೆಯ ರಟ್ಟಿನ ಡಬ್ಬ ನನ್ನ ಪಾಲಿಗೆ ಬಂತು. "ತಗೊಂಡು ಹೋಗಪ್ಪ. ಇಲ್ಲಾಂದ್ರೆ ಹಳೇ ಪೇಪರ್‌ನೋನಿಗೆ ಹಾಕ್ತೀನಿ. ಹಾಕಿದ್ರೂ ತೂಕಾನೇ ಬರಲ್ಲ ಅದು" ಎಂದರು. ತೂಕ ಬರದಿರುವುದೇ ಬಾಲ್ಸಾ ಮರದ ದೊಡ್ಡಸ್ತಿಕೆ. ಈಕ್ವಡಾರ್ ಕಡೆಯಿಂದ ಬರುವ ಈ ಮರವನ್ನು ಹೊತ್ತ ಭುಜಕ್ಕೆ ಹೊತ್ತದ್ದೇ ತಿಳಿಯುವುದಿಲ್ಲ. ಆದರೆ ಅಟ್ಟದ ಏಣಿ ಹಿಡಿದು ನಿಂತವರ ಹತ್ತಿರ ಇಂಥದ್ದೆಲ್ಲ ಹೇಳಬಾರದು.

ಡಬ್ಬದ ಮೇಲಿನ ಬಣ್ಣದ ಚಿತ್ರ ಮಾಸಿ ತಿಳಿಸಾರಿನ ಬಣ್ಣಕ್ಕೆ ಬಂದಿತ್ತು. ಫೊಕೆ-ವುಲ್ಫ್ 190. ಎರಡನೇ ಮಹಾಯುದ್ಧದ ಜರ್ಮನ್ ಫೈಟರ್, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದದ್ದು. ರೇಡಿಯೋ ಕಂಟ್ರೋಲಿನಲ್ಲಿ ಹಾರಿಸುವ ಮಾದರಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 63 ಇಂಚು. 1980ರ ದಶಕದಲ್ಲಿ ಅಮೆರಿಕದಲ್ಲಿದ್ದ ಭಾವಮೈದುನನ ಕೈಲಿ ದೊಡ್ಡಪ್ಪ ಇದನ್ನು ತರಿಸಿಕೊಂಡಿದ್ದರು, ಜೊತೆಗೊಂದು ಜಪಾನಿ ಎಂಜಿನ್ ಕೂಡ. ಎಂಜಿನ್ನನ್ನು ಹಿತ್ತಲಲ್ಲಿ ಹಲಗೆಗೆ ಬಿಗಿದು ಓಡಿಸಿ, ಬೀದಿಯವರ ಕೈಲಿ ಬೈಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಕಿಟ್ಟು ಮಾತ್ರ ಬಂದ ವಾರವೇ ಅಟ್ಟ ಸೇರಿತು. ಆಮೇಲೆ ಇಳಿದದ್ದು ಈಗಲೇ. ಯಾಕೆ ಕಟ್ಟಲಿಲ್ಲ ಎಂದು ಕೇಳಿದ್ದಕ್ಕೆ ದೊಡ್ಡಮ್ಮ, "ಕಟ್ಟಿದ್ರೆ ಡಬ್ಬ ಖಾಲಿಯಾಗುತ್ತಲ್ಲಪ್ಪ" ಎಂದರು. ಅದನ್ನು ಹಾಸ್ಯಕ್ಕೆ ಹೇಳಿದರೋ ನಿಜಕ್ಕೋ ಇಂದಿಗೂ ಗೊತ್ತಾಗಿಲ್ಲ.

ಸ್ಪಿಟ್‌ಫೈರ್, ಮಸ್ಟ್ಯಾಂಗ್ ಅಂಥ ಗೆದ್ದವರ ವಿಮಾನಗಳ ಕಿಟ್ಟು ಸಿಗುತ್ತಿರುವಾಗ ದೊಡ್ಡಪ್ಪ ಸೋತವರ ವಿಮಾನವನ್ನೇ ತರಿಸಿಕೊಂಡದ್ದಕ್ಕೆ ಕಾರಣ ಇದೆ. ದೊಡ್ಡಪ್ಪ ವಿಮಾನ ಕಾರ್ಖಾನೆ ಎಚ್.ಎ.ಎಲ್.ನವರು. ನಮ್ಮ ಮನೆಗಳಲ್ಲಿ ಅದಕ್ಕೆ ಬರೀ 'ಫ್ಯಾಕ್ಟರಿ' ಎಂದು ಹೆಸರು. ಬೆಂಗಳೂರಿನಲ್ಲಿ ಇನ್ನೊಂದು ಫ್ಯಾಕ್ಟರಿ ಇದೆಯೆಂಬುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಮರಗೆಲಸದ ಶಾಪಿಗೆ ಎಳೆಹುಡುಗನಾಗಿ ಸೇರಿದಾಗ ಅಲ್ಲಿ ಡಿಸೈನಿನ ಯಜಮಾನಿಕೆ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಇಂಜಿನಿಯರದು. ಫೊಕೆ-ವುಲ್ಫ್ 190ನ್ನು ರೂಪಿಸಿದವರೇ ಇವರು. ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದವರು. ಸ್ಪಿಟ್‌ಫೈರು, ಮೆಸರ್‌ಸ್ಮಿಟ್ಟು ರೇಸಿನ ಕುದುರೆಗಳು, ನನಗೆ ಬೇಕಾದ್ದು ಕೆಸರಲ್ಲೂ ನಿಲ್ಲುವ, ಯಾರು ಹತ್ತಿದರೂ ಓಡುವ ದಂಡಿನ ಕುದುರೆ ಎಂದು ಲೆಕ್ಕ ಹಾಕಿ ಈ ವಿಮಾನವನ್ನು ಕಟ್ಟಿಸಿದರು. ಅದು ಮೊದಲು ಹಾರಿದ್ದು 1939ರ ಜೂನ್ 1ರಂದು. ಜರ್ಮನಿ ಸೋತ ಮೇಲೆ ಟ್ಯಾಂಕ್ ಅರ್ಜೆಂಟೀನಾ ಸೇರಿ, ಅಲ್ಲಿನ ಅಧ್ಯಕ್ಷ ಪೆರೋನನ ಆಶ್ರಯದಲ್ಲಿ ಪುಲ್ಕಿ 2 ಎಂಬ ಜೆಟ್ ಮಾಡಿದರು. 1955ರಲ್ಲಿ ಪೆರೋನನೇ ಉರುಳಿದ. ಮರುವರ್ಷ ತಮ್ಮ ಜರ್ಮನ್ ತಂಡವನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದಿಳಿದರು. ಇಲ್ಲಿ ಅವರು ಮಾಡಿದ್ದು ಎಚ್.ಎಫ್.-24 ಎಂಬ ಜೆಟ್ ಫೈಟರ್, ನಮ್ಮ ಮಾರುತ್.

ಇದರಲ್ಲಿ ದೊಡ್ಡಪ್ಪನ ಪಾಲಿದ್ದದ್ದು ಮರದ್ದು. ಲೋಹದ ಮಾರುತ್ ಸಿದ್ಧವಾಗುವುದಕ್ಕೆ ಮೊದಲೇ ಅದರ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ನೋಡಲು, ಅಷ್ಟೇ ಅಳತೆಯ, ಎಂಜಿನ್ನೇ ಇಲ್ಲದ ಮರದ ಗ್ಲೈಡರೊಂದನ್ನು ಮಾಡಿ 1959ರಲ್ಲಿ ಹಾರಿಸಿದರು. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದುಕೊಂಡು ಹೋಗಿ ಬಿಡುವುದು, ಅದು ತೇಲಿಕೊಂಡು ಇಳಿಯುವುದು. ಸೂಪರ್‌ಸಾನಿಕ್ ಕನಸು ಕಾಣುತ್ತಿದ್ದ ಕಾರ್ಖಾನೆಯಲ್ಲಿ ಮೊದಲು ಗಾಳಿಗೆ ಹೋದದ್ದು ಬಡಗಿಗಳ ಕೆಲಸ. ಆ ಗ್ಲೈಡರಿನ ಯಾವುದೋ ಭಾಗಕ್ಕೆ ದೊಡ್ಡಪ್ಪ ಹತ್ತರಿ ಹೊಡೆದಿದ್ದರು. ಯಾವ ಭಾಗ ಎಂಬುದು ಹೇಳಿದಾಗಲೆಲ್ಲ ಬದಲಾಗುತ್ತಿತ್ತು. ನಾವು ಚಿಕ್ಕವರಿದ್ದಾಗ ಒಳಮೈ ಪಟ್ಟಿ ಇದ್ದದ್ದು ಅವರು ರಿಟೈರಾಗುವ ಹೊತ್ತಿಗೆ ಇಡೀ ಎಡರೆಕ್ಕೆ ಆಗಿತ್ತು. ಟ್ಯಾಂಕ್ ಸಾಹೇಬರನ್ನು ದೂರದಿಂದ ನೋಡಿದ್ದೆ ಎನ್ನುತ್ತಿದ್ದರು. ಈ ದೂರವನ್ನು ಮಾತ್ರ ಎಂದೂ ಕಡಿಮೆ ಮಾಡಲಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕರು.

ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಹಾರಿಸಿದವರು ಟೆಸ್ಟ್ ಪೈಲಟ್ ಸುರಂಜನ್ ದಾಸ್. ಎಣಿಸಿದಷ್ಟು ಶಕ್ತಿಯ ಎಂಜಿನ್ ಅದಕ್ಕೆ ಕಡೆಗೂ ಸಿಗಲಿಲ್ಲ. 147 ವಿಮಾನ ಮಾಡಿ ನಿಲ್ಲಿಸಿದರು. ದಾಸ್ 1970ರ ಜನವರಿಯಲ್ಲಿ ಮಾರುತ್‌ನಲ್ಲೇ ತೀರಿಕೊಂಡರು. ಅವರ ಹೆಸರಿನ ರಸ್ತೆ ದೊಡ್ಡಪ್ಪನ ಮನೆಯ ಪಕ್ಕದಲ್ಲೇ ಇದೆ. ಶಬ್ದದ ವೇಗಕ್ಕೆ ಹತ್ತಿರ ಹೋದವರ ಹೆಸರಿನ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಬಸ್ಸುಗಳು ನಡೆದು ಹೋಗುವವರಿಗೂ ದಾರಿ ಬಿಡುತ್ತವೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಮುಂದೆ ನಿಲ್ಲಿಸಿರುವ ಮಾರುತ್ ತೋರಿಸಲು ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ನಮ್ಮನ್ನು ಕರೆದೊಯ್ಯುತ್ತಿದ್ದರು. ಒಳಗಿನ ಯಂತ್ರಗಳನ್ನು ನೋಡುವ ಆಸೆ ನಮಗೆ. ಅವರಿಗೆ ಬಾಗಿಲಲ್ಲೇ ಮುಗಿಯುತ್ತಿತ್ತು. "ಇದರಣ್ಣ ಮರದೋನು ಕಣೋ. ಅವನಿಗೆ ನಾನು ಹತ್ತರಿ ಹೊಡೆದಿದೀನಿ" ಎಂದು ವಿಮಾನದ ಹೊಟ್ಟೆ ಸವರಲು ಹೋಗಿ ವಾಚ್‌ಮನ್ ಹತ್ತಿರ ಗದರಿಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ನೆನಪಿನ ಭಾರ ಹೊತ್ತ ಡಬ್ಬವನ್ನು ತೆರೆದಾಗ ಮೊದಲು ಹೊರಬಂದದ್ದು ಜಿರಲೆ. ಆಮೇಲೆ ಹಳೇ ಮರದ ಒಂದು ಥರದ ಸಪ್ಪೆ ವಾಸನೆ. ಹೊಸ ಬಾಲ್ಸಾ ಬಾಗುತ್ತದೆ, ಹಳೆಯದು ಹಪ್ಪಳದಂತೆ ಮುರಿಯುತ್ತದೆ. ರೆಕ್ಕೆಯ ರಿಬ್ಬುಗಳನ್ನು ಬಾಲ್ಸಾ ಹಾಳೆಯಲ್ಲೇ ಅಚ್ಚೊತ್ತಿ ಕತ್ತರಿಸಿಟ್ಟಿರುತ್ತಾರೆ, ಒತ್ತಿ ಬಿಡಿಸಿಕೊಂಡರಾಯಿತು ಎಂದು ಪುಸ್ತಿಕೆ ಹೇಳುತ್ತದೆ. ಈ ಕಿಟ್ಟು ಅಚ್ಚು ಮೊಂಡಾಗಿದ್ದ ಕಾಲದ್ದಿರಬೇಕು. ಕತ್ತರಿಸುವ ಬದಲು ಜಜ್ಜಿತ್ತು. ಅರ್ಧಕ್ಕರ್ಧ ರಿಬ್ಬುಗಳನ್ನು ಹೊಸ ಹಾಳೆಯ ಮೇಲೆ ಗುರುತು ಹಾಕಿ ಬ್ಲೇಡಿನಿಂದ ಕೊಯ್ದೆ. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಹಳದಿ ತಿರುಗಿತ್ತು. ಒಳಗಿನ ಪೈಲಟ್ಟಿಗೆ ಕಾಮಾಲೆ.

ಪ್ಲಾನ್ ಹಾಳೆಯನ್ನು ಬಿಡಿಸಿ ಹಲಗೆಯ ಮೇಲೆ ಹರಡಿದಾಗ ನಿಂತುಬಿಟ್ಟೆ. ಡಬ್ಬ ಮುಟ್ಟಿಯೇ ಇಲ್ಲ ಎಂದು ನಾನಂದುಕೊಂಡಿದ್ದ ದೊಡ್ಡಪ್ಪ ಇಡೀ ಪ್ಲಾನಿನ ಮೇಲೆ ಬಡಗಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಎಂಜಿನ್ ಕೂರುವ ಗೋಡೆಯ ಹತ್ತಿರ 'ಇದು ಸಾಲದು, ಪ್ಲೈ ಹಾಕು'. ಬಾಲದ ಹತ್ತಿರ 'ಇಷ್ಟು ಮರ ಯಾಕೆ?'. ವಿಮಾನದ ಒಟ್ಟು ತೂಕ ಇಷ್ಟು ಎಂದು ಅಚ್ಚಾಗಿದ್ದ ಜಾಗದ ಮುಂದೆ ಒಂದೇ ಮಾತು: 'ಸುಳ್ಳು'. ರೆಕ್ಕೆಯ ತುದಿಯಲ್ಲಿ 'ತುದಿ 2 ಡಿಗ್ರಿ ಇಳಿಸು' ಎಂದು ಬರೆದು, 2ನ್ನು ಹೊಡೆದು 2½ ಮಾಡಿ, ಅದನ್ನೂ ಹೊಡೆದು ಮತ್ತೆ 2 ಮಾಡಿ, ಕೊನೆಗೆ ಪಕ್ಕದಲ್ಲಿ ಎರಡು ಗೆರೆ ಎಳೆದು 2½. ಕಟ್ಟದ ವಿಮಾನದ ಮೇಲೆ ಇಷ್ಟು ಜಗಳವೇ?

ಇಳಿಸುವ ಮಾತು ಹುಡುಗಾಟದ್ದಲ್ಲ. ವಿಮಾನ ತೀರ ನಿಧಾನವಾದಾಗ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಮೈಗೆ ಹತ್ತಿರದ ಭಾಗ ಮೊದಲು ಸೋತರೆ ಮೂತಿ ಮೆಲ್ಲಗೆ ತಗ್ಗುತ್ತದೆ, ಸುಧಾರಿಸಿಕೊಳ್ಳಬಹುದು. ತುದಿ ಮೊದಲು ಸೋತರೆ ಒಂದು ರೆಕ್ಕೆ ದಿಢೀರನೆ ಬಿದ್ದು ವಿಮಾನ ಮಗುಚಿಕೊಳ್ಳುತ್ತದೆ. ನಿಜವಾದ ಫೊಕೆ-ವುಲ್ಫಿಗೇ ಈ ಚಾಳಿ ಇತ್ತು. ಮುನ್ಸೂಚನೆ ಕೊಡದೆ ರೆಕ್ಕೆ ಕೊಡಹುತ್ತಿತ್ತು. ಅದಕ್ಕೆ ಮದ್ದು, ಕಟ್ಟುವಾಗಲೇ ತುದಿಯ ಹಿಂಬದಿ ಅಂಚನ್ನು ತುಸು ಮೇಲೆತ್ತಿ, ಮುಂಬದಿ ತಗ್ಗುವ ಹಾಗೆ ರೆಕ್ಕೆಯನ್ನು ತಿರುಚಿ ಅಂಟಿಸುವುದು. ಎರಡಕ್ಕೂ ಎರಡೂವರೆಗೂ ನನ್ನ ರೆಕ್ಕೆಯ ತುದಿಯಲ್ಲಿ ವ್ಯತ್ಯಾಸ ಒಂದೂವರೆ ಮಿಲಿಮೀಟರು. ಕೊನೆಯಲ್ಲಿ ಬರೆದದ್ದೇ ಕೊನೆಯ ಅಭಿಪ್ರಾಯ ಎಂದು ಎರಡೂವರೆಗೇ ಎಂಟು ಮಿಲಿಮೀಟರಿನ ಪಟ್ಟಿ ಇಟ್ಟು ಅಂಟಿಸಿದೆ.

'ಸುಳ್ಳು' ಎಂಬುದೂ ನಿಜವಾಯಿತು. ತುಂಬಿದ ಫೊಕೆ-ವುಲ್ಫಿನ ತೂಕ ನಾಲ್ಕು ಸಾವಿರ ಕಿಲೋ ದಾಟುತ್ತದೆ. ಅಳತೆ ಆರೂವರೆ ಪಟ್ಟು ಕುಗ್ಗಿದರೆ ತೂಕ ಅದರ ಘನದಷ್ಟು, ಸುಮಾರು 275 ಪಟ್ಟು, ಕುಗ್ಗುತ್ತದೆ. ಆ ಲೆಕ್ಕದಲ್ಲಿ ನನ್ನದು ಹದಿನೈದು ಹದಿನಾರು ಕಿಲೋ ಇರಬಹುದು. ಆದರೆ ಗಾಳಿಯನ್ನು ಕುಗ್ಗಿಸಲು ಬರುವುದಿಲ್ಲವಲ್ಲ. ಅಷ್ಟು ತೂಕ ಹೊತ್ತರೆ ಈ ಪುಟ್ಟ ರೆಕ್ಕೆ ಬಾಣದ ವೇಗದಲ್ಲಿ ಹೋದರಷ್ಟೇ ನಿಲ್ಲುತ್ತದೆ. ಆದ್ದರಿಂದ ಮಾದರಿ ಅದರ ಕಾಲುಭಾಗ, ನಾಲ್ಕು ಕಿಲೋ ಒಳಗೆ ಇರಬೇಕು. ಒಂದೊಂದು ಗ್ರಾಮಿಗೂ ಮರವನ್ನು ಉಜ್ಜಿ, ಅಂಟನ್ನು ಒರೆಸಿ, ಹಗುರ ಮಾಡಿದ್ದೇ ಮಾಡಿದ್ದು. ಕೊನೆಗೆ ತೂಕದ ನಡುಬಿಂದು ನೋಡಿದರೆ ಬಾಲ ಭಾರ. ಫೊಕೆ-ವುಲ್ಫಿನ ಮೂತಿ ಮೋಟು, ಬಾಲ ಉದ್ದ. ಮೂತಿಗೆ ಸೀಸ ಕಟ್ಟದೆ, ಪ್ಲಾನಿನಲ್ಲಿ ಅಚ್ಚಾಗಿದ್ದ ತೂಕವನ್ನು ಮೀರದೆ ಗತಿಯಿಲ್ಲ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ಸೀಸದ ಬಿಲ್ಲೆ ಸಿಗುತ್ತದೆಂದು ಹೋದೆ.

"ಯಾವ ಗಾಡಿ ಸಾರ್?"

"ಫೊಕೆ-ವುಲ್ಫ್."

"ಫೋಕ್ಸ್‌ವ್ಯಾಗನ್‌ಗೆ ಬೇರೆ ಥರದ್ದು ಬರುತ್ತೆ ಸಾರ್, ಗಾಡಿ ತಗೊಂಡು ಬನ್ನಿ" ಎಂದ.

ಎಂಜಿನ್ನಿನ ಕತೆ ಬೇರೆ. ಇವು ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ ಕುಡಿಯುವ ಎಂಜಿನ್ನುಗಳು. ದೊಡ್ಡಪ್ಪ ಹಿತ್ತಲಲ್ಲಿ ಓಡಿಸಿದಾಗಿನ ಹರಳೆಣ್ಣೆ ಒಳಗೇ ಒಣಗಿ ಅರಗಾಗಿ, ಪಿಸ್ಟನ್ನನ್ನು ಕಚ್ಚಿ ಹಿಡಿದಿತ್ತು. ಬಲವಂತ ಮಾಡಿದರೆ ಮುರಿಯುತ್ತದೆ. ಬಲ್ಲವರು ಹೇಳಿದ ಉಪಾಯ, ಹಳೇ ಪಾತ್ರೆಯಲ್ಲಿ ಕಾರಿನ ಕೂಲೆಂಟ್ ಸುರಿದು ಎಂಜಿನ್ ಮುಳುಗಿಸಿ ಗಂಟೆಗಟ್ಟಲೆ ಸಣ್ಣಗೆ ಕಾಯಿಸುವುದು. ಹಿತ್ತಲಲ್ಲಿ ಎಲೆಕ್ಟ್ರಿಕ್ ಒಲೆ ಹಚ್ಚಿ, ಮೂಲೆಗೆ ಬಿದ್ದಿದ್ದ ಐದು ಲೀಟರಿನ ಕುಕ್ಕರಿನಲ್ಲಿ ಮುಚ್ಚಳವಿಲ್ಲದೆ ಬೇಯಿಸಿದೆ. ಕೂಲೆಂಟು ವಿಷ, ಆ ಕುಕ್ಕರು ಇನ್ನು ಅಡುಗೆಮನೆಗೆ ಹೋಗುವಂತಿಲ್ಲ. ಹೆಂಡತಿಗೆ ಇದನ್ನು ತಿಳಿಸಿದಾಗ, ಎಂದೂ ಬಳಸದೆ ಮೂಲೆಗೆ ಹಾಕಿದ್ದ ಆ ಕುಕ್ಕರು ಒಮ್ಮೆಲೇ ತವರಿನಿಂದ ಬಂದದ್ದಾಯಿತು. ಮೂರನೆಯ ಗಂಟೆಗೆ ಪ್ರೊಪೆಲ್ಲರ್ ಬೆರಳಿಗೆ ತಿರುಗಿತು. ಮೊದಲ ಸಲ ಹೊತ್ತಿಕೊಂಡಾಗ ಬಂದ ಸುಟ್ಟ ಹರಳೆಣ್ಣೆಯ ಹೊಗೆಗೆ ಅಮ್ಮ ಒಳಗಿನಿಂದಲೇ, "ಯಾರಿಗೋ ಭೇದಿಗೆ ಕೊಡ್ತಿದೀರಾ?" ಎಂದು ಕೂಗಿದರು. ಅವರ ಕಾಲದಲ್ಲಿ ಹರಳೆಣ್ಣೆ ಓಡಿಸುತ್ತಿದ್ದದ್ದು ಮಕ್ಕಳನ್ನು.

ಅಮ್ಮನಿಗೆ ವಿಮಾನ ಇಷ್ಟವಾದದ್ದು ಬಾಲದ ಸ್ಟಿಕರಿನಿಂದ. ಕಿಟ್ಟಿನ ಜೊತೆ ಬಂದಿದ್ದ ಗುರುತುಗಳ ಹಾಳೆಯಲ್ಲಿ ಸ್ವಸ್ತಿಕ ಕಂಡು, "ಪರವಾಗಿಲ್ಲ, ಶಾಸ್ತ್ರ ತಿಳಿದೋರು" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಇದ್ಯಾಕೋ ಓರೆಯಾಗಿದೆ? ಚುಕ್ಕಿಯೂ ಇಟ್ಟಿಲ್ಲ" ಎಂದರು. ಅದು ಯಾರ ಗುರುತು, ಅದರ ಕೆಳಗೆ ಏನೇನು ನಡೆಯಿತು ಎಂದು ನನಗೆ ತಿಳಿದಷ್ಟು ಹೇಳಿದೆ. ಸಿನಿಮಾಗಳಲ್ಲಿ ನೋಡಿದ್ದರು, ಈ ಓರೆ ಗುರುತಿಗೂ ಬಾಗಿಲ ರಂಗೋಲಿಗೂ ತಾಳೆ ಹಾಕಿರಲಿಲ್ಲ ಅಷ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಚ್ಚಬೇಡ" ಎಂದರು. ಹಚ್ಚಲಿಲ್ಲ. ಈ ಹವ್ಯಾಸದಲ್ಲಿ ಶುದ್ಧಾಚಾರಿಗಳಿದ್ದಾರೆ. ಗುರುತು ಬಿಟ್ಟರೆ ಇತಿಹಾಸಕ್ಕೆ ಅಪಚಾರ, ಒಂದು ರಿವೆಟ್ಟೂ ತಪ್ಪಬಾರದು ಎನ್ನುತ್ತಾರೆ. ಅವರ ಜೊತೆ ನನಗೆ ವಾದವಿಲ್ಲ. ಟ್ಯಾಂಕ್ ಗೆರೆ ಎಳೆದದ್ದು, ದೊಡ್ಡಪ್ಪ ತಿದ್ದಿದ್ದು, ನಾನು ಉಜ್ಜಿದ್ದು ರೆಕ್ಕೆಯನ್ನು. ಬಾಲ ಬೋಳಾಗಿಯೇ ಇದೆ.

ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಇಕ್ಕಳದ ಸಾಲಿನಲ್ಲಿ ಅದೂ ಕೂತಿತು. ಮೂತಿಗೆ ಕುಂಕುಮ, ಪ್ರೊಪೆಲ್ಲರಿಗೆ ಸೇವಂತಿಗೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಲೇಬೇಕೆಂದು ಅಮ್ಮನ ಹಟ. ನಾಲ್ಕು ಕಿಲೋ ವಿಮಾನಕ್ಕೆ ನಿಂಬೆಹಣ್ಣು ಅಪ್ಪಚ್ಚಿಯಾದೀತೇ? ಒಂದು ಕಾಲನ್ನು ನಿಂಬೆಹಣ್ಣಿನ ಮೇಲಿಟ್ಟುಕೊಂಡು ಓರೆಯಾಗಿ ನಿಂತಿತು, ಕೊನೆಗೆ ಮಗಳು ಮೇಲಿನಿಂದ ಒತ್ತಿದಳು.

ಇನ್ನು ಹಾರಿಸುವುದು ಎಲ್ಲಿ? 2021ರ ಡ್ರೋನ್ ನಿಯಮ ಬಂದ ಮೇಲೆ ಆಕಾಶವೂ ಕೆಂಪು, ಹಳದಿ, ಹಸಿರು ಎಂದು ಪಾಲಾಗಿದೆ. ಬೆಂಗಳೂರಿನ ಒಂದು ಕಡೆ ಎಚ್.ಎ.ಎಲ್., ಇನ್ನೊಂದು ಕಡೆ ಜಕ್ಕೂರು, ಯಲಹಂಕ, ಅದರಾಚೆ ದೇವನಹಳ್ಳಿ. ಟ್ಯಾಂಕ್ ಸಾಹೇಬರ ವಿಮಾನಕ್ಕೆ ಟ್ಯಾಂಕ್ ಸಾಹೇಬರ ಕಾರ್ಖಾನೆಯ ಮೇಲೆ ಹಾರಲು ಅವಕಾಶವಿಲ್ಲ. ಬೆಳಗಿನ ಜಾವ ಎದ್ದು ಮಾಲೂರಿನಾಚೆಯ ಬತ್ತಿದ ಕೆರೆಯಂಗಳಕ್ಕೆ ಹೋದೆವು. ನಾವು ಅಂದರೆ ನಾನು, ಮಗಳು ಮತ್ತು ಎಂಜಿನಿಯರಿಂಗ್ ಓದುವ ಒಬ್ಬ ಹುಡುಗ. ಮೊದಲ ಹಾರಾಟವನ್ನು ಕಟ್ಟಿದವನ ಕೈಗೆ ಕೊಡಬಾರದೆಂಬುದು ಈ ಲೋಕದ ಹಳೇ ಪದ್ಧತಿ. ಕಟ್ಟಿದವನ ಕೈ ನಡುಗುತ್ತದೆ, ಹುಡುಗನದು ನಡುಗುವುದಿಲ್ಲ. ಅವನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಬೀಳಿಸಿದಷ್ಟು ವಿಮಾನಗಳನ್ನು ಬ್ರಿಟಿಷರೂ ಬೀಳಿಸಿರಲಾರರು.

ಎಂಜಿನ್ ಕೆರಳಿತು. ಅಗಲವಾಗಿ ಕಾಲೂರುವುದು ಫೊಕೆ-ವುಲ್ಫಿನ ಒಳ್ಳೆಯ ಗುಣ, ಕೆರೆಯ ಹೆಂಟೆಗಳ ಮೇಲೂ ಪಲ್ಟಿ ಹೊಡೆಯದೆ ಓಡಿತು. ಬಾಲ ಎದ್ದಿತು, ಎಡಕ್ಕೆ ಎಳೆಯಿತು, ಹುಡುಗ ಬಲಕ್ಕೆ ರಡ್ಡರ್ ಒತ್ತಿದ, ಚಕ್ರದ ಕೆಳಗೆ ಬೆಳಕು ಕಂಡಿತು. ಮಗಳು ಕಿರುಚಿದಳು. ನಾನು ಕಣ್ಣು ಮುಚ್ಚಿದ್ದೆನೆಂದು ಅವಳು ಹೇಳುತ್ತಾಳೆ. ಎತ್ತರಕ್ಕೆ ಹೋದ ಮೇಲೆ ಹುಡುಗ ಬೇಕೆಂದೇ ವೇಗ ಇಳಿಸುತ್ತಾ ಬಂದ. ನಿಧಾನ, ಇನ್ನೂ ನಿಧಾನ. ಮೂತಿ ಮೇಲೆ ಮಾಡಿಕೊಂಡು ತಡವರಿಸಿ, ನೇರವಾಗಿ ಮುಂದಕ್ಕೆ ತಲೆಬಾಗಿ, ಮತ್ತೆ ವೇಗ ಹಿಡಿದುಕೊಂಡಿತು. "ಅಂಕಲ್, ರೆಕ್ಕೆ ಬೀಳ್ತಾನೇ ಇಲ್ಲ! ಈ ಪ್ಲೇನ್ ಅಂದ್ರೆ ಹೀಗಿರಲ್ಲ" ಎಂದ. ಅದಕ್ಕೆ ಬಡಗಿ ಪೆನ್ಸಿಲ್ಲು ಕಾರಣ ಎಂದೆ. ಅವನಿಗೆ ಕೇಳಿಸಲಿಲ್ಲ.

ಒಂದು ಸುತ್ತು ನನ್ನ ಕೈಗೂ ಕೊಟ್ಟ. ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ನಮ್ಮ ಬಲ. ಮೆದುಳು ಅಲ್ಲೇ ಕೈಕೊಡುತ್ತದೆ. ದಿಕ್ಕು ತಪ್ಪುವುದು ಈ ವಿಮಾನದ ವಂಶದಲ್ಲೇ ಇದೆ: 1942ರ ಜೂನ್ 23ರಂದು ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ಕಾದಾಡಿ ದಿಕ್ಕುಗೆಟ್ಟು, ಬ್ರಿಸ್ಟಲ್ ಕಡಲತೋಳನ್ನೇ ಇಂಗ್ಲಿಷ್ ಕಾಲುವೆ ಎಂದುಕೊಂಡು ದಾಟಿ, ಗೆದ್ದ ಸಂಭ್ರಮದಲ್ಲಿ ರೆಕ್ಕೆ ಆಡಿಸುತ್ತಾ ವೇಲ್ಸಿನ ಪೆಂಬ್ರಿ ಎಂಬಲ್ಲಿ ಬ್ರಿಟಿಷರ ವಿಮಾನ ನೆಲೆಯಲ್ಲಿಯೇ ಇಳಿದ. ತಿಂಗಳುಗಳಿಂದ ಬ್ರಿಟಿಷರು ಗುಟ್ಟು ಪತ್ತೆ ಮಾಡಲು ಒದ್ದಾಡುತ್ತಿದ್ದ ಹೊಸ ವಿಮಾನ ಒಂದು ಗೀರೂ ಇಲ್ಲದೆ ಅವರ ಅಂಗಳಕ್ಕೆ ಬಂತು. ನನ್ನದು ಅಷ್ಟು ದೂರ ಹೋಗುವ ಮೊದಲೇ ಹುಡುಗ ರೇಡಿಯೋ ಕಿತ್ತುಕೊಂಡ.

ಇಳಿದದ್ದು ಚೆನ್ನಾಗಿಯೇ. ಕೊನೆಯ ಎರಡು ಮಾರಿನಲ್ಲಿ ಹೆಂಟೆಗೆ ತಗುಲಿ ಒಂದು ಚಕ್ರ ಕಿತ್ತು ಉರುಳಿಕೊಂಡು ಹೋಯಿತು. ಕುರಿ ಕಾಯುತ್ತಿದ್ದ ತಾತ ಅದನ್ನು ಹೆಕ್ಕಿ ತಂದುಕೊಟ್ಟು, "ಎಷ್ಟಾತು ಸಾಮಿ ಇದುಕ್ಕೆ?" ಎಂದ. ಖರ್ಚಿನ ಅರ್ಧ ಹೇಳಿದೆ. ಮನೆಯಲ್ಲಿ ಹೇಳಿರುವುದು ಅದಕ್ಕಿಂತ ಕಡಿಮೆ. ತಾತ ತನ್ನ ಕುರಿಗಳನ್ನೊಮ್ಮೆ ನೋಡಿ, ಏನೋ ಲೆಕ್ಕ ಹಾಕಿ, ತಲೆಯಲ್ಲಾಡಿಸಿ ಹೊರಟ.

ಅಲ್ಲಿಂದಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಈಗ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ.

"ದೊಡ್ಡಮ್ಮಾ, ದೊಡ್ಡಪ್ಪನ ವಿಮಾನ ಹಾರಿತು!"

"ಹಾರೋದು ಹಾರತ್ತೆ. ಇಳೀತಾ?"

"ಇಳೀತು. ಒಂದು ಚಕ್ರ ಹೋಯ್ತು, ಅಷ್ಟೆ."

"ರೆಕ್ಕೆ ತುದಿ ಎಷ್ಟು ಇಳಿಸಿದ್ದೆ?"

ಮಾಲೂರಿನ ಕೆರೆಯಂಗಳದಲ್ಲಿ ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿಕೊಂಡೆ. "ಎರಡೂವರೆ ದೊಡ್ಡಮ್ಮ. ದೊಡ್ಡಪ್ಪ ಹಾಗೇ ಬರೆದಿದ್ರು."

"ಬರೀತಾರೆ ಅವರು. ಎರಡೇ ಸಾಕು ಅಂತ ನಾನು ಆವಾಗ್ಲೇ ಬಡ್ಕೊಂಡಿದ್ದೆ" ಎಂದರು ದೊಡ್ಡಮ್ಮ.